ಪ್ರಾಣವೆಂಬುದು ಬರಿಯ ಉಸಿರೇ?

ಸದ್ಭಕ್ತರೇ, ಪ್ರಾಣವೆಂದರೆ ಮೂಗಿನಲ್ಲಿ ಸುಳಿಯುವ ಗಾಳಿಯೆಂದೇ ಬಹುಜನರ ತಿಳುವಳಿಕೆ. ಉಪನಿಷತ್ತಿನ ಋಷಿಗಳು ಅಷ್ಟಕ್ಕೆ ನಿಲ್ಲಲಿಲ್ಲ.

ಛಾಂದೋಗ್ಯದ ಕಥೆ ಕೇಳಿರಿ. ಇಂದ್ರಿಯಗಳು ತಾನು ಹೆಚ್ಚು ತಾನು ಹೆಚ್ಚೆಂದು ಜಗಳವಾಡಿ ಪ್ರಜಾಪತಿಯ ಬಳಿಗೆ ಹೋದವು. ಯಾವುದು ಹೊರಟುಹೋದರೆ ಶರೀರವು ತೀರ ಹೀನವಾಗಿ ಕಾಣುವುದೋ ಅದೇ ಶ್ರೇಷ್ಠವೆಂದು ಆತ ತೀರ್ಪಿತ್ತನು. ಮಾತು ಒಂದು ವರುಷ ಹೊರಗಿದ್ದು ಬಂದಿತು. ದೇಹ ಮೂಗನಂತೆ ಬದುಕಿಯೇ ಇತ್ತು. ಕಣ್ಣು, ಕಿವಿ, ಮನಸ್ಸುಗಳದೂ ಇದೇ ಪಾಡು. ಪ್ರಾಣವು ಹೊರಡಲೆದ್ದಾಗಲೋ, ಜಾತಿಕುದುರೆಯು ಕಾಲಿನ ಗೂಟಗಳನ್ನು ಕಿತ್ತೆಳೆದಂತೆ ಉಳಿದವೆಲ್ಲ ಬುಡಸಹಿತ ಅಲುಗಿದವು! ನೀನೇ ಹಿರಿಯ, ಹೊರಡಬೇಡವೆಂದು ಬೇಡಿಕೊಂಡವು. ಆದುದರಿಂದಲೇ ಇಂದ್ರಿಯಗಳಿಗೂ ಪ್ರಾಣಗಳೆಂದೇ ಹೆಸರೆಂದು ಶ್ರುತಿ ಹೇಳುತ್ತದೆ.

12ನೆಯ ಶತಮಾನದ ನಮ್ಮ ಶರಣರು ಈ ಪ್ರಾಣವನ್ನು ಲಿಂಗವೆಂದೇ ಕಂಡರು. ಕರಸ್ಥಲದ ಇಷ್ಟಲಿಂಗವೇ ಒಳಗೆ ಪ್ರಾಣಲಿಂಗ. ಮುಂದೆ 15ನೆಯ ಶತಮಾನದ ಹಠಯೋಗಪ್ರದೀಪಿಕೆಯಲ್ಲಿ ಸ್ವಾತ್ಮಾರಾಮನ ಗಮನವೆಲ್ಲ ವಾಯುವನ್ನು ಸುಷುಮ್ನೆಯಲ್ಲಿ ಹರಿಸುವ ಬಗೆಗೆ. ಆದರೂ ಆತ ಎಚ್ಚರಿಸದೆ ಬಿಡಲಿಲ್ಲ: ಕಾಡಿನ ಆನೆ ಹುಲಿಗಳಂತೆ ವಾಯುವನ್ನೂ ಮೆಲ್ಲಮೆಲ್ಲನೆ ಪಳಗಿಸಬೇಕು, ಇಲ್ಲವಾದರೆ ಅದು ಸಾಧಕನನ್ನೇ ಕೆಡಹುವುದು. ಪುಸ್ತಕ ನೋಡಿ ಕುಂಭಕ ಮಾಡಹೊರಡುವ ತರುಣರು ಈ ಶ್ಲೋಕವನ್ನೇ ದಾಟಿ ಓದುತ್ತಾರೆ.

ಶರಣರ ಷಟ್‌ಸ್ಥಲದಲ್ಲಿಯೂ ಅವಸರಕ್ಕೆ ಎಡೆಯಿಲ್ಲ. ಪ್ರಾಣಲಿಂಗಿಯದು ನಾಲ್ಕನೆಯ ಸ್ಥಲ. ಭಕ್ತನಾಗಿ, ಮಹೇಶನಾಗಿ, ಪ್ರಸಾದಿಯಾಗಿ ಬಂದವನಿಗೇ ಅಲ್ಲಿ ಪ್ರವೇಶ.