ಗರಡಿ ಮನೆಯ ಕೆಮ್ಮಣ್ಣು: ಮುಂಗಾರಿನಿಂದ ಜಾತ್ರೆಯವರೆಗಿನ ಆರೈಕೆ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲೂಕುಗಳು ಮಟ್ಟಿ ಕುಸ್ತಿಯ ಪರಂಪರೆಯನ್ನು ಉಳಿಸಿಕೊಂಡು ಬಂದ ಗಡಿಸೀಮೆಗೆ ಸೇರಿವೆ. 1959ರಲ್ಲಿ ಪಂಜಾಬಿನ ಬಂತಾಸಿಂಗ್‌ರನ್ನು ಸೋಲಿಸಿ ದೇಶದ ಮೊದಲ ಹಿಂದ್ ಕೇಸರಿ ಎನಿಸಿದ ಶ್ರೀಪತಿ ಖಂಚನಾಳೆ (1934–2020) ಚಿಕ್ಕೋಡಿ ತಾಲೂಕಿನ ಯಕ್ಸಂಬಾದವರು. ಅವರು ಪಳಗಿದ್ದು ನೆರೆಯ ಕೊಲ್ಹಾಪುರದ ತಾಲೀಮಿನಲ್ಲಿ. ಇಂತಹ ಜಟ್ಟಿಗಳ ಹೆಸರು ಊರೂರಿಗೆ ತಿಳಿದಿದೆ. ಅವರ ಮೈಗೆ ಮೆತ್ತಿದ ಮಣ್ಣನ್ನು ವರ್ಷವಿಡೀ ಕಾಪಾಡುವ ಕೆಲಸದ ಪರಿಚಯ ಮಾತ್ರ ನಗರವಾಸಿಗಳಿಗೆ ಕಡಿಮೆ.

ಗಾಲ್ಫ್ ಮೈದಾನದಲ್ಲಿ ಋತುವಿಗೆ ತಕ್ಕಂತೆ ಹುಲ್ಲಿನ ನೆಲಕ್ಕೆ ರಂಧ್ರ ಕೊರೆದು ಗಾಳಿಯಾಡಿಸಿ, ಮೇಲೆ ಮರಳು ಹರಡಿ, ನೀರು ಬಸಿದು ಹೋಗುವಂತೆ ಮಾಡುತ್ತಾರೆ. ಗರಡಿಯ ಕಣಕ್ಕೂ ಇದೇ ಬಗೆಯ ಉಪಚಾರ ಬೇಕು. ವ್ಯತ್ಯಾಸವೆಂದರೆ ಇಲ್ಲಿ ಚೆಂಡಿನ ಬದಲು ಮನುಷ್ಯನೇ ನೆಲಕ್ಕೆ ಬೀಳುತ್ತಾನೆ. ಕಣ ಗಟ್ಟಿಯಾದರೆ ಭುಜ, ಕತ್ತು, ಪಕ್ಕೆಲುಬುಗಳಿಗೆ ಪೆಟ್ಟು, ಕೊಳೆಯಾದರೆ ಚರ್ಮರೋಗ.

ಕೆಮ್ಮಣ್ಣೇ ಏಕೆ?

ಕೃಷ್ಣಾ, ದೂಧಗಂಗಾ ಮತ್ತು ವೇದಗಂಗಾ ನದಿಗಳ ಬಯಲಿನಲ್ಲಿ ಎರೆಮಣ್ಣು ಹೇರಳವಾಗಿದೆ. ಕಬ್ಬಿಗೆ ಒಗ್ಗುವ ಈ ಮಣ್ಣು ಕುಸ್ತಿಗೆ ಒಗ್ಗುವುದಿಲ್ಲ. ಎರೆಮಣ್ಣಿನ ಜೇಡಿಕಣಗಳು ನೀರು ಹೀರಿ ಉಬ್ಬುತ್ತವೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತವೆ. ಒದ್ದೆಯಾದರೆ ಅಂಟು, ಒಣಗಿದರೆ ಕಲ್ಲಿನಂತಹ ಹೆಂಟೆ. ಕಬ್ಬಿಣದ ಅಂಶದಿಂದ ಕೆಂಪಾದ ಮಸಾರಿ ಮಣ್ಣಿನ ಜೇಡಿ ಹೀಗೆ ಉಬ್ಬುವುದು ತೀರಾ ಕಡಿಮೆ. ಜರಡಿ ಹಿಡಿದು ಹದಗೊಳಿಸಿದರೆ ಅದು ಮೆತ್ತಗೆ ಉಳಿಯುತ್ತದೆ, ಹಿಡಿತಕ್ಕೂ ಅನುಕೂಲ. ಆದ್ದರಿಂದ ಎರೆಸೀಮೆಯ ಹಳ್ಳಿಗಳು ಕೆಮ್ಮಣ್ಣನ್ನು ಹೊರಗಿನಿಂದ ತರಿಸಿಕೊಳ್ಳಬೇಕಾಗುತ್ತದೆ. ದೂರದಿಂದ ಬಂದ ಮಣ್ಣನ್ನು ಜೋಪಾನ ಮಾಡುವ ಶ್ರದ್ಧೆಗೆ ಇದೂ ಒಂದು ಕಾರಣ.

ತಂದ ಮಣ್ಣಿನಿಂದ ಮೊದಲು ಕಲ್ಲು, ಬೇರು, ಗಾಜಿನ ಚೂರುಗಳನ್ನು ಆರಿಸಿ ತೆಗೆಯಲಾಗುತ್ತದೆ. ಅನಂತರ ಎಣ್ಣೆ, ಅರಿಶಿನ, ಮಜ್ಜಿಗೆ, ನಿಂಬೆರಸ, ಕರ್ಪೂರ, ಬೇವಿನೆಲೆ ಮುಂತಾದವನ್ನು ಬೆರೆಸುವ ರೂಢಿಯಿದೆ. ಪ್ರಮಾಣ ಊರಿಂದೂರಿಗೆ, ಉಸ್ತಾದರಿಂದ ಉಸ್ತಾದರಿಗೆ ಬೇರೆ. ಎಣ್ಣೆಯು ಧೂಳನ್ನು ಅಡಗಿಸಿ ತೇವ ಬೇಗನೆ ಆರದಂತೆ ನೋಡಿಕೊಳ್ಳುತ್ತದೆ. ಅರಿಶಿನ ಮತ್ತು ಬೇವಿಗೆ ರೋಗಾಣುಗಳನ್ನು ತಡೆಯುವ ಗುಣವಿದೆಯಾದರೂ, ಅವನ್ನು ಬೆರೆಸಿದ ಮಾತ್ರಕ್ಕೆ ಮಣ್ಣು ಔಷಧಿಯಾಗುವುದಿಲ್ಲ. ಸ್ವಚ್ಛತೆಯ ನಿಯಮಗಳು ಜೊತೆಗಿರಲೇಬೇಕು.

ದಿನನಿತ್ಯದ ಕೆಲಸ

ತಾಲೀಮು ಆರಂಭವಾಗುವ ಮುನ್ನ ಕಣವನ್ನು ಸಲಿಕೆಯಿಂದ ಅಗೆದು ಮಗುಚಲಾಗುತ್ತದೆ. ಈ ಅಗೆತ ಕಿರಿಯ ಪೈಲ್ವಾನರಿಗೆ ವ್ಯಾಯಾಮವೂ ಹೌದು. ಬೆನ್ನು, ತೋಳು, ಸೊಂಟಗಳಿಗೆ ಬಲ ಬರುವುದು ಇಲ್ಲಿಂದಲೇ. ಬಳಿಕ ಮರದ ಕೊರಡನ್ನು ಎಳೆದು ನೆಲವನ್ನು ಸಮ ಮಾಡುತ್ತಾರೆ. ಭಾರಕ್ಕಾಗಿ ಕೊರಡಿನ ಮೇಲೆ ಒಬ್ಬ ಹುಡುಗನನ್ನು ನಿಲ್ಲಿಸುವುದುಂಟು. ಮಾರುತಿಗೆ ಊದುಬತ್ತಿ ಬೆಳಗಿ, ಮಣ್ಣನ್ನು ಹಣೆಗೆ ಮುಟ್ಟಿಸಿಕೊಂಡ ಮೇಲೆಯೇ ಕಣಕ್ಕಿಳಿಯುವುದು ಪದ್ಧತಿ. ಮುಷ್ಟಿಯಲ್ಲಿ ಹಿಡಿದ ಮಣ್ಣು ಉಂಡೆಯಾಗಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು. ತೇವ ಸರಿಯಿದೆಯೇ ಎಂದು ನೋಡಲು ಇದು ಸುಲಭದ ಪರೀಕ್ಷೆ.

ಬೇಸಿಗೆ

ಮಾರ್ಚ್‌ನಿಂದ ಮೇ ತಿಂಗಳವರೆಗೆ ಅಥಣಿ, ಕಾಗವಾಡ ಭಾಗದ ಬಿಸಿಲು ಮಣ್ಣಿನ ತೇವವನ್ನೆಲ್ಲ ಹೀರುತ್ತದೆ. ಧೂಳೆದ್ದರೆ ಉಸಿರಾಟಕ್ಕೆ ತೊಂದರೆ. ಆದ್ದರಿಂದ ಸಂಜೆಯ ವೇಳೆ ನೀರು ಚಿಮುಕಿಸಿ, ರಾತ್ರಿಯಿಡೀ ಗೋಣಿತಾಟು ಹೊದಿಸಿ, ಬೆಳಿಗ್ಗೆ ಮಗುಚುವುದು ಸೂಕ್ತ. ಒಮ್ಮೆಲೇ ಹೆಚ್ಚು ನೀರು ಸುರಿದರೆ ಮೇಲ್ಪದರ ಕೆಸರಾಗಿ ಕೆಳಪದರ ಒಣಗಿಯೇ ಇರುತ್ತದೆ.

ವರ್ಷದ ದೊಡ್ಡ ಕೆಲಸಕ್ಕೆ ಮೇ ತಿಂಗಳ ಕೊನೆಯ ವಾರಗಳು ತಕ್ಕ ಕಾಲ. ಮಣ್ಣನ್ನು ಹೊರತೆಗೆದು ಬಿಸಿಲಿನಲ್ಲಿ ತೆಳುವಾಗಿ ಹರಡಿ, ಜರಡಿ ಹಿಡಿದು, ಹಳಸಿದ ಭಾಗವನ್ನು ಬಿಸಾಡಬೇಕು. ಕಣ ಬರಿದಾಗಿರುವಾಗಲೇ ಗೋಡೆಗೆ ಸುಣ್ಣ ಬಳಿದು, ಹೆಂಚು ಸರಿಪಡಿಸಿ, ಸುತ್ತಲಿನ ಚರಂಡಿಯ ಹೂಳು ತೆಗೆಯಬೇಕು.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಪಂದ್ಯಗಳು ವಿರಳ. ಗರಡಿಯೊಳಗಿನ ಸಾಧನೆಗೆ ಇದೇ ಮುಖ್ಯ ಕಾಲ. ಆದರೆ ಮಣ್ಣಿಗೆ ಅತ್ಯಂತ ಕಷ್ಟದ ಕಾಲವೂ ಇದೇ. ತೇವ ಆರದೆ ಬೂಸ್ಟು ಹಿಡಿಯುತ್ತದೆ, ಹುಳುಕಡ್ಡಿಯಂತಹ ಸೋಂಕು ಒಬ್ಬರಿಂದೊಬ್ಬರಿಗೆ ಹರಡುತ್ತದೆ. ಕಿಟಕಿ ತೆರೆದಿಟ್ಟು ಗಾಳಿಯಾಡಿಸುವುದು, ದಿನಕ್ಕೆರಡು ಬಾರಿ ಮಗುಚುವುದು, ಒಣಗಿಸಿಟ್ಟ ಮಣ್ಣನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸುವುದು ಇದಕ್ಕೆ ಪರಿಹಾರ.

ನದಿತೀರದ ಹಳ್ಳಿಗಳಿಗೆ ಇನ್ನೊಂದು ಭಯವಿದೆ. ಊರಲ್ಲಿ ಮಳೆ ಕಡಿಮೆಯಿದ್ದರೂ ಸಹ್ಯಾದ್ರಿಯಲ್ಲಿ ಸುರಿದ ಮಳೆಯಿಂದ ಹೊಳೆ ಉಕ್ಕುತ್ತದೆ. 2005, 2019 ಮತ್ತು 2021ರ ಪ್ರವಾಹಗಳನ್ನು ಈ ಸೀಮೆ ಮರೆತಿಲ್ಲ. ನೆರೆನೀರು ನುಗ್ಗಿದ ಕಣದಲ್ಲಿ ಹೂಳಿನೊಂದಿಗೆ ಚರಂಡಿಯ ಕೊಳೆ ಮತ್ತು ಇಲಿಜ್ವರದ ರೋಗಾಣುಗಳೂ ಸೇರಿರಬಹುದು. ತರಚುಗಾಯಗಳ ಮೂಲಕ ಅವು ದೇಹ ಸೇರುವ ಅಪಾಯವಿರುವುದರಿಂದ ಅಂತಹ ಮಣ್ಣನ್ನು ಅರಿಶಿನ ಬೆರೆಸಿ ಮತ್ತೆ ಬಳಸುವುದು ಸರಿಯಲ್ಲ. ಪೂರ್ಣ ತೆಗೆದುಹಾಕಿ ಹೊಸ ಮಣ್ಣು ತುಂಬಬೇಕು.

ದಸರೆಯ ನಂತರ

ಮಳೆ ಹಿಂದೆ ಸರಿದ ಮೇಲೆ ಕಣಕ್ಕೆ ಹೊಸ ಮಣ್ಣು, ಎಣ್ಣೆ, ಅರಿಶಿನ ಬೀಳುತ್ತದೆ. ದೀಪಾವಳಿಯ ಬಳಿಕ ಜಾತ್ರೆಗಳ ಸಾಲು. ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಮಾಯಕ್ಕಾದೇವಿಯ ಜಾತ್ರೆ ನೆರೆಯುವ ಭಾರತ ಹುಣ್ಣಿಮೆಯ ಹೊತ್ತಿಗೆ ಕುಸ್ತಿಯ ಹಂಗಾಮು ಭರದಲ್ಲಿರುತ್ತದೆ.

ಜಾತ್ರೆಯ ಮೈದಾನ ತಾತ್ಕಾಲಿಕವಾದುದು. ಬಯಲು ಜಾಗವನ್ನು ನೇಗಿಲಿನಿಂದ ಉತ್ತು, ಕಲ್ಲು, ಕೂಳೆ ಆರಿಸಿ, ಟ್ರ್ಯಾಕ್ಟರ್‌ಗಳಲ್ಲಿ ತಂದ ಕೆಮ್ಮಣ್ಣನ್ನು ಹರಡಿ, ನೀರು ಹನಿಸಿ, ಕುಂಟೆ ಹೊಡೆದು ಸಮಗೊಳಿಸಲಾಗುತ್ತದೆ. ಅವಸರದಲ್ಲಿ ತೆಳುವಾಗಿ ಮಣ್ಣು ಹರಡಿದಲ್ಲಿ ಅಪಾಯ ಹೆಚ್ಚು; ಕೆಲವೇ ಜೋಡಿಗಳು ಸೆಣಸುವಷ್ಟರಲ್ಲಿ ಕೆಳಗಿನ ಗಟ್ಟಿ ನೆಲ ಹೊರಬರುತ್ತದೆ. ಪಂದ್ಯಗಳ ನಡುವೆ ಮಣ್ಣನ್ನು ಎಳೆದು ಸರಿಪಡಿಸಲು ಪ್ರತ್ಯೇಕ ಆಳುಗಳಿರುವುದು ಉತ್ತಮ ವ್ಯವಸ್ಥೆಯ ಲಕ್ಷಣ. ಶಾಶ್ವತ ಮೈದಾನಕ್ಕೆ ಹತ್ತಿರದ ಮಾದರಿಯೆಂದರೆ ರಾಜರ್ಷಿ ಶಾಹೂ ಮಹಾರಾಜರು ಕಟ್ಟಿಸಿದ, 1912ರಲ್ಲಿ ಪೂರ್ಣಗೊಂಡ ಕೊಲ್ಹಾಪುರದ ಖಾಸಬಾಗ್. ಅಲ್ಲಿ ಕಣದ ಸುತ್ತ ಇಳಿಜಾರಾಗಿ ಏರುವ ಆಸನಗಳಿದ್ದು, ಹಿಂದೆ ಕುಳಿತವರಿಗೂ ಕುಸ್ತಿ ಸ್ಪಷ್ಟವಾಗಿ ಕಾಣುತ್ತದೆ.

ಮಣ್ಣು ಮತ್ತು ಮ್ಯಾಟ್

ಅಂತರರಾಷ್ಟ್ರೀಯ ಕುಸ್ತಿ ನಡೆಯುವುದು ಮ್ಯಾಟ್ ಮೇಲೆ. ಕೊಲ್ಹಾಪುರದ ಮಣ್ಣಿನಲ್ಲಿ ಪಳಗಿದ ಖಾಶಾಬಾ ಜಾಧವ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾಟಿನ ಅಭ್ಯಾಸವಿಲ್ಲದೆಯೂ 6ನೇ ಸ್ಥಾನ ಪಡೆದರು. 1952ರ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಪದಕದ ಕನಸಿರುವ ಇಂದಿನ ಹುಡುಗರಿಗೆ ಎರಡೂ ಬೇಕು. ಮ್ಯಾಟನ್ನು ಸೋಂಕುನಿವಾರಕದಿಂದ ಒರೆಸಿದರೆ ಅಂದಿನ ಕೆಲಸ ಮುಗಿಯಿತು, ಒಂದು ತಿಂಗಳು ಸುತ್ತಿಟ್ಟರೂ ಅದು ಹಾಳಾಗದು. ಕೆಮ್ಮಣ್ಣಿಗೆ ಈ ಸೌಲಭ್ಯವಿಲ್ಲ. ಒಂದು ಹಂಗಾಮು ಅಗೆಯದೆ ಬಿಟ್ಟರೆ ಅದು ಹೆಂಟೆಗಟ್ಟುತ್ತದೆ.

ಆಗಬೇಕಾದ ಸುಧಾರಣೆ

ಗರಡಿಗೆ ಅನುದಾನ ಬಂದಾಗ ಕಟ್ಟಡದ ಮುಂಭಾಗಕ್ಕಿಂತ ಮೊದಲು ನೆಲಗಟ್ಟಿನ ಕಡೆ ಗಮನ ಹರಿಯಬೇಕು. ಕಣದ ತಳದಲ್ಲಿ ಜಲ್ಲಿ ಮತ್ತು ಮರಳಿನ ಪದರ ಹಾಕಿದರೆ ತೇವ ಬಸಿದು ಹೋಗುತ್ತದೆ. ಹೊಳೆದಂಡೆಯ ಊರುಗಳಲ್ಲಿ ಹಿಂದಿನ ನೆರೆಯ ಗುರುತಿಗಿಂತ ಎತ್ತರಕ್ಕೆ ಪಾಯ ಏರಿಸುವುದು ಅಗತ್ಯ. ಕಾಲು ತೊಳೆಯುವ ಮತ್ತು ಸ್ನಾನದ ಜಾಗ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಧನುರ್ವಾಯು ಚುಚ್ಚುಮದ್ದಿನ ದಾಖಲೆ ಇರಬೇಕು. ಚರ್ಮರೋಗವಿದ್ದವರು ಗುಣವಾಗುವವರೆಗೆ ಕಣಕ್ಕಿಳಿಯಬಾರದು, ಉಗುರು ಕತ್ತರಿಸಿಕೊಂಡೇ ಬರಬೇಕು, ಎಲೆ-ಅಡಿಕೆ, ಗುಟ್ಕಾ ಉಗುಳಬಾರದು ಎಂಬ ನಿಯಮಗಳನ್ನು ಗೋಡೆಯ ಮೇಲೆ ಬರೆಸಿದರೆ ಸಾಲದು, ಉಸ್ತಾದರು ಪಾಲಿಸುವಂತೆ ನೋಡಿಕೊಳ್ಳಬೇಕು.

ಇವುಗಳಲ್ಲಿ ಹೆಚ್ಚಿನವು ದೊಡ್ಡ ಖರ್ಚಿನವಲ್ಲ. ಬೇಕಾಗಿರುವುದು ದಿನವೂ ಸಲಿಕೆ ಹಿಡಿಯುವ ಕೈಗಳು. ಕಣಕ್ಕೆ ಬರುವ ಹುಡುಗರು ಕಡಿಮೆಯಾದಂತೆ ಅಗೆಯುವವರೂ ಕಡಿಮೆಯಾಗುತ್ತಾರೆ. ಅಗೆಯದ ಮಣ್ಣು ಗಟ್ಟಿಯಾಗಿ, ಪೆಟ್ಟಿನ ಭಯದಿಂದ ಉಳಿದ ಹುಡುಗರೂ ದೂರವಾಗುತ್ತಾರೆ. ಮುಚ್ಚಿದ ಗರಡಿಯನ್ನು ಮತ್ತೆ ತೆರೆಯಲು ಹೊರಟ ಊರಿನವರು ಬೀಗ ತೆಗೆದ ಬಳಿಕ ಮಾಡಬೇಕಾದ ಮೊದಲ ಕೆಲಸ, ಹಳೆಯ ಮಣ್ಣನ್ನು ಹೊರತೆಗೆದು ಬಿಸಿಲಿಗೆ ಹರಡುವುದೇ ಆಗಿದೆ.