ಕೊನೆಯ ಗಂಟೆಯ ಲೆಕ್ಕ

ಕೆಲಸದ ಹೊತ್ತು ಕಡಮೆಯಾದರೆ ಕೆಲಸಗಾರನು ಹೇಗೆ ನಡೆದುಕೊಂಡಾನು? ಈ ಪ್ರಶ್ನೆಗೆ 1837ರಲ್ಲಿ ಆಂಗ್ಲ ಅರ್ಥಶಾಸ್ತ್ರಜ್ಞನಾದ ನಾಸೋ ಸೀನಿಯರನು ಬರಿಯ ಅಂಕಗಣಿತದಿಂದಲೇ ಉತ್ತರ ಹೇಳಿದನು. ಹತ್ತಿಯ ಗಿರಣಿ ದಿನಕ್ಕೆ ಹನ್ನೊಂದೂವರೆ ಗಂಟೆ, ಎಂದರೆ 23 ಅರ್ಧಗಂಟೆಗಳು ನಡೆಯುತ್ತದೆ. ಇವುಗಳಲ್ಲಿ ಇಪ್ಪತ್ತು ಹಾಕಿದ ಬಂಡವಾಳವನ್ನು ಹಿಂದಕ್ಕೆ ತರುತ್ತವೆ. ಒಂದು ಯಂತ್ರಗಳ ಸವಕಳಿಗೆ ಸರಿಹೋಗುತ್ತದೆ. ಕೊನೆಯ ಎರಡರಲ್ಲಿ ಮಾತ್ರವೇ ನಿವ್ವಳ ಲಾಭ. ಆದಕಾರಣ ಒಂದು ಗಂಟೆಯನ್ನು ಕಳೆದರೆ ಲಾಭವೇ ಕಳೆದಂತೆ!

ಲೆಕ್ಕ ನೋಡುವುದಕ್ಕೆ ಅಚ್ಚುಕಟ್ಟಾಗಿದೆ. ಆದರೆ ಗಿರಣಿ ಕಡಮೆ ಹೊತ್ತು ನಡೆದರೆ ಹತ್ತಿಯ ಖರ್ಚೂ ಕಡಮೆಯಾಗುವುದೆಂಬುದನ್ನು ಅವನು ಮರೆತನು. ಅದಕ್ಕಿಂತ ದೊಡ್ಡ ತಪ್ಪೆಂದರೆ, ಮೊದಲನೆಯ ಗಂಟೆಯ ಕೈಯೂ ಹನ್ನೊಂದನೆಯ ಗಂಟೆಯ ಕೈಯೂ ಒಂದೇ ಎಂದು ಭಾವಿಸಿದ್ದು. ಸಂಜೆಯ ಕೊನೆಯ ಪಾಠವನ್ನು ಹೇಳಬೇಕಾದ ನಮ್ಮಂಥವರಿಗೆ ಈ ಭಾವನೆಯನ್ನು ಒಪ್ಪುವುದು ಕಷ್ಟ.

1844ರಲ್ಲಿ ಪ್ರೆಸ್ಟನ್ನಿನ ಗಿರಣಿ ಯಜಮಾನನಾದ ಗಾರ್ಡ್ನರನು ಇದನ್ನು ಪರೀಕ್ಷೆಗೇ ಒಡ್ಡಿದನು. ಏಪ್ರಿಲ್ 20ರಿಂದ ಹನ್ನೆರಡು ಗಂಟೆಯ ದಿನವನ್ನು ಹನ್ನೊಂದಕ್ಕೆ ಇಳಿಸಿದನು. ನೂಲುವ ವಿಭಾಗದಲ್ಲಿ ಯಂತ್ರದ ವೇಗವನ್ನು ನೂರಕ್ಕೆ ಎರಡರಷ್ಟು ಏರಿಸಿದ್ದರಿಂದ ಅದನ್ನು ನಾವು ಸಾಕ್ಷ್ಯವಾಗಿ ಎತ್ತುವಂತಿಲ್ಲ. ನೇಯ್ಗೆಯ ವಿಭಾಗದಲ್ಲಿಯಾದರೋ ಏನೊಂದೂ ಬದಲಾಗಲಿಲ್ಲ. ಅಲ್ಲಿ ವಾರದ ಸರಾಸರಿ ಸಂಪಾದನೆ 10 ಷಿಲಿಂಗ್ ಒಂದೂವರೆ ಪೆನ್ನಿಯಿದ್ದುದು 10 ಷಿಲಿಂಗ್ ಮೂರೂವರೆ ಪೆನ್ನಿಗೆ ಏರಿತು. ಹೊತ್ತು ಇಳಿದರೂ ಸಂಪಾದನೆ ಇಳಿಯಲಿಲ್ಲ. 1847ರಲ್ಲಿ ಹೆಂಗಸರಿಗೂ ಹದಿನೆಂಟು ತುಂಬದವರಿಗೂ ಹತ್ತು ಗಂಟೆಯ ಮಿತಿಯನ್ನು ವಿಧಿಸುವ ಶಾಸನ ಬಂದಿತು. ಲಂಕಾಷೈರಿನ ಗಿರಣಿಗಳು ಮುಚ್ಚಿಹೋಗಲಿಲ್ಲ.

ಇನ್ನೂ ಎಚ್ಚರಿಕೆಯ ಪರೀಕ್ಷೆ ಜರ್ಮನಿಯ ಯೇನಾದಲ್ಲಿ ನಡೆಯಿತು. ಝೈಸ್ ಕಾರ್ಖಾನೆಯ ಮುಖ್ಯಸ್ಥನೂ ಭೌತವಿಜ್ಞಾನಿಯೂ ಆದ ಎರ್ನ್ಸ್ಟ್ ಆಬೆ 1900ರಲ್ಲಿ ಒಂಬತ್ತು ಗಂಟೆಯ ದಿನವನ್ನು ಎಂಟಕ್ಕೆ ಇಳಿಸಿ, ಮಾಡಿದ ಕೆಲಸದ ಲೆಕ್ಕದಂತೆ ಕೂಲಿ ಪಡೆಯುತ್ತಿದ್ದ 233 ಮಂದಿಯ ಹಿಂದಿನ ಮತ್ತು ಮುಂದಿನ ವರ್ಷಗಳ ಗಳಿಕೆಯನ್ನು ಹೋಲಿಸಿದನು. ಗಂಟೆಯೊಂದರ ಗಳಿಕೆ ನೂರಕ್ಕೆ ಸುಮಾರು 16ರಷ್ಟು ಹೆಚ್ಚಿತ್ತು. ಎಂಟು ಗಂಟೆಗಳ ಕೆಲಸ ಹಿಂದಿನ ಒಂಬತ್ತು ಗಂಟೆಗಳದಕ್ಕಿಂತ ತುಸು ಮಿಗಿಲಾಗಿಯೇ ಇತ್ತು.

ಇದರಿಂದ ಹೊತ್ತನ್ನು ಎಷ್ಟು ಇಳಿಸಿದರೂ ಫಲ ಹೀಗೆಯೇ ಎಂದು ನಾವು ಹೇಳಲಾರೆವು. ಮಸೂರ ಉಜ್ಜುವವನ ಕೈ ತನ್ನ ವೇಗವನ್ನು ತಾನೇ ಗೊತ್ತುಮಾಡಿಕೊಳ್ಳುತ್ತದೆ. ಯಂತ್ರದ ಹಿಂದೆ ಓಡುವವನಿಗೆ ಆ ಸ್ವಾತಂತ್ರ್ಯ ಕಡಮೆ. ಆಬೆಗೆ ಇದು ಪುಸ್ತಕದಿಂದ ಬಂದ ತಿಳಿವಳಿಕೆಯಲ್ಲ. ಅವನ ತಂದೆ ಐಸೆನಾಖಿನ ನೂಲಿನ ಗಿರಣಿಯಲ್ಲಿ ದಿನಕ್ಕೆ ಹದಿನಾಲ್ಕರಿಂದ ಹದಿನಾರು ಗಂಟೆ ದುಡಿಯುತ್ತಿದ್ದನು. ಹುಡುಗನು ತಂದ ಮಧ್ಯಾಹ್ನದ ಊಟವನ್ನು ಯಂತ್ರದ ಬಳಿ ನಿಂತೇ ಮುಗಿಸುತ್ತಿದ್ದನು.