ಅರ್ಧಕ್ಕಿಂತ ಒಂದು ಹೆಚ್ಚು: ಮ್ಯಾಸಚೂಸೆಟ್ಸ್ ಗವರ್ನರ್ ಚುನಾವಣೆ, 1839

ಅಮೆರಿಕದ ಚುನಾವಣಾ ಚರಿತ್ರೆಯಲ್ಲಿ ‘ಒಂದೇ ಮತದಿಂದ ಗೆದ್ದವನು’ ಎಂಬ ಪ್ರಸ್ತಾಪ ಬಂದಲ್ಲೆಲ್ಲ ಮಾರ್ಕಸ್ ಮಾರ್ಟನ್‌ನ ಹೆಸರು ಬರುತ್ತದೆ. ಮಾತು ಸುಳ್ಳಲ್ಲ, ಆದರೆ ಅದನ್ನು ಸಾಮಾನ್ಯವಾಗಿ ಅರ್ಥೈಸಿಕೊಳ್ಳುವ ರೀತಿಯಲ್ಲಿ ನಿಜವೂ ಅಲ್ಲ. 1839ರ ನವೆಂಬರಿನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ನಡೆದ ಗವರ್ನರ್ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಮಾರ್ಟನ್‌ಗೆ 51,034 ಮತಗಳು ಬಂದವು. ಅಧಿಕಾರದಲ್ಲಿದ್ದ ವಿಗ್ ಪಕ್ಷದ ಎಡ್ವರ್ಡ್ ಎವರೆಟ್‌ಗೆ 50,725. ಅಂತರ 309. ಹಾಗಿದ್ದರೆ ಆ ಒಂದು ಮತ ಎಲ್ಲಿಂದ ಬಂತು?

ಉತ್ತರವಿರುವುದು ಆ ರಾಜ್ಯದ 1780ರ ಸಂವಿಧಾನದಲ್ಲಿ. ಪ್ರತಿಸ್ಪರ್ಧಿಗಿಂತ ಹೆಚ್ಚು ಮತ ಪಡೆದರೆ ಸಾಲದು. ಚಲಾಯಿತವಾದ ಒಟ್ಟು ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಡೆಯಬೇಕು ಎಂಬುದು ಅದರ ನಿಯಮ. ಯಾರಿಗೂ ಅಷ್ಟು ಬಾರದಿದ್ದರೆ ಆಯ್ಕೆ ಶಾಸನಸಭೆಯ ಪಾಲಾಗುತ್ತಿತ್ತು. ಅತಿಹೆಚ್ಚು ಮತ ಪಡೆದ ನಾಲ್ವರೊಳಗೆ ಇಬ್ಬರನ್ನು ಕೆಳಮನೆ ಆರಿಸುವುದು, ಆ ಇಬ್ಬರಲ್ಲಿ ಒಬ್ಬನನ್ನು ಸೆನೆಟ್ ಆರಿಸುವುದು. 1839ರಲ್ಲಿ ಬೇರೆ ಬೇರೆ ಹೆಸರುಗಳಿಗೆ ಚದುರಿಹೋದ ಮತಗಳು 307. ಒಟ್ಟು 1,02,066. ಅದರ ಅರ್ಧ 51,033. ಮಾರ್ಟನ್‌ಗೆ ಬಂದದ್ದು ಅದಕ್ಕಿಂತ ಒಂದು ಹೆಚ್ಚು.

ಇಲ್ಲಿ ತುಸು ನಿಂತು ಲೆಕ್ಕ ಮಾಡುವುದು ಒಳ್ಳೆಯದು. ಮನೆಯಲ್ಲೇ ಉಳಿದ ಒಬ್ಬ ವಿಗ್ ಮತದಾರ ಬಂದು ಎವರೆಟ್‌ಗೆ ಮತ ಹಾಕಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ. ಒಟ್ಟು 1,02,067 ಆಗಿ, 51,034 ಆಗಲೂ ಅರ್ಧವನ್ನು ಮೀರುತ್ತಿತ್ತು. ಅಂಥವರು ಇಬ್ಬರಾದರೂ ಬರಬೇಕಿತ್ತು. ಇಲ್ಲವೇ ಮಾರ್ಟನ್ ಕಡೆಯ ಒಬ್ಬನೇ ಒಬ್ಬ ತನ್ನ ಚೀಟಿಯಲ್ಲಿ ಬೇರೆ ಹೆಸರು ಕೊಟ್ಟಿದ್ದರೆ ಸಾಕಿತ್ತು. ‘ನಿಮ್ಮ ಒಂದು ಮತ’ದ ಮಹಿಮೆಯನ್ನು ಸಾರಲು ಈ ಚುನಾವಣೆಯನ್ನು ಉದಾಹರಿಸುವವರು ಈ ಸೂಕ್ಷ್ಮವನ್ನು ಗಮನಿಸಿದಂತೆ ತೋರುವುದಿಲ್ಲ.

ಸೋತವನು ಸಾಮಾನ್ಯನಲ್ಲ. ಹಾರ್ವರ್ಡ್‌ನ ಪದವೀಧರನಾಗಿ, ಇಪ್ಪತ್ತು ವರ್ಷ ತುಂಬುವ ವೇಳೆಗೆ ಬಾಸ್ಟನ್ನಿನ ಪ್ರತಿಷ್ಠಿತ ಚರ್ಚಿನ ಧರ್ಮೋಪದೇಶಕನಾಗಿದ್ದ ಎವರೆಟ್, 1817ರಲ್ಲಿ ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದನು. ಆ ಪದವಿಯನ್ನು ಪಡೆದ ಮೊದಲ ಅಮೆರಿಕನ್ ಅವನೇ ಎಂದು ಹೇಳಲಾಗುತ್ತದೆ. ಹಾರ್ವರ್ಡ್‌ನಲ್ಲಿ ಗ್ರೀಕ್ ಪ್ರಾಧ್ಯಾಪಕನಾಗಿದ್ದಾಗ ಎಮರ್ಸನ್ ಅವನ ವಿದ್ಯಾರ್ಥಿ. ಮುಂದೆ 1863ರಲ್ಲಿ ಗೆಟಿಸ್‌ಬರ್ಗ್‌ನಲ್ಲಿ ಲಿಂಕನ್ನನ ಎರಡು ನಿಮಿಷಗಳ ಮಾತಿಗೆ ಮುನ್ನ ಎರಡು ಗಂಟೆ ಭಾಷಣ ಮಾಡಿದವನೂ ಇವನೇ. ಲೋಕ ಅವನನ್ನು ನೆನೆಯುವುದು ಬಹುಮಟ್ಟಿಗೆ ಆ ಹೋಲಿಕೆಯಲ್ಲಿ ಮಾತ್ರ, ಅದು ನ್ಯಾಯವಲ್ಲ. ಗವರ್ನರನಾಗಿ ಅವನು 1837ರಲ್ಲಿ ರಾಜ್ಯದ ಶಿಕ್ಷಣ ಮಂಡಳಿಯನ್ನು ರೂಪಿಸಿದನು. ಅದರ ಕಾರ್ಯದರ್ಶಿ ಹೊರೇಸ್ ಮ್ಯಾನ್. ಶಿಕ್ಷಕರ ತರಬೇತಿಗಾಗಿ ಸರ್ಕಾರವೇ ನಡೆಸಿದ ಮೊದಲ ಶಾಲೆ 1839ರ ಜುಲೈಯಲ್ಲಿ ಲೆಕ್ಸಿಂಗ್‌ಟನ್ನಿನಲ್ಲಿ ತೆರೆಯಿತು.

ಗೆದ್ದ ಮಾರ್ಟನ್ ಟಾಂಟನ್ ಊರಿನ ವಕೀಲ, ರಾಜ್ಯದ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶ. ಆಗ ಗವರ್ನರ್ ಚುನಾವಣೆ ಪ್ರತಿವರ್ಷದ್ದು. 1828ರಿಂದ ಅವನು ವರ್ಷ ವರ್ಷವೂ ನಿಂತು ಸೋಲುತ್ತ ಬಂದಿದ್ದ, ನ್ಯಾಯಪೀಠವನ್ನು ಬಿಡದೆಯೇ. ಇಂದು ಇದನ್ನು ಊಹಿಸುವುದೂ ಕಷ್ಟ.

ಹೀಗೆ ಮತ್ತೆ ಮತ್ತೆ ಸೋತವನು ಕೊನೆಗೆ ಗೆಲ್ಲಲು ಮುಖ್ಯ ಕಾರಣ ಹೆಂಡದ ಕಾನೂನು. ಸ್ವಯಂಪ್ರೇರಿತ ಪ್ರತಿಜ್ಞೆಯಾಗಿ ಆರಂಭವಾಗಿದ್ದ ಮದ್ಯವರ್ಜನ ಚಳವಳಿ 1838ರಲ್ಲಿ ಶಾಸನದ ಬೆಂಬಲ ಪಡೆಯಿತು. ಹದಿನೈದು ಗ್ಯಾಲನ್‌ಗಿಂತ, ಅಂದರೆ ಸುಮಾರು 57 ಲೀಟರಿಗಿಂತ, ಕಡಿಮೆ ಪ್ರಮಾಣದಲ್ಲಿ ಬಟ್ಟಿ ಇಳಿಸಿದ ಮದ್ಯವನ್ನು ಮಾರಕೂಡದು ಎಂಬ ಮಸೂದೆಗೆ ಎವರೆಟ್ ಅಂಕಿತ ಹಾಕಿದನು. ಪೀಪಾಯಿಗಟ್ಟಲೆ ಕೊಂಡು ನೆಲಮಾಳಿಗೆಯಲ್ಲಿ ಇಡಬಲ್ಲ ಸಿರಿವಂತನಿಗೆ ಇದು ಅಡ್ಡಿಯಾಗಲಿಲ್ಲ. ಒಂದು ಲೋಟ ಕೊಳ್ಳುವ ಕೂಲಿಕಾರನಿಗೆ ನಿಷೇಧವಾಯಿತು. ವ್ರತವು ತಾನಾಗಿ ಕೈಗೊಂಡಾಗಲೇ ವ್ರತ. ಹೊರಗಿನಿಂದ ಹೇರಿದಾಗ, ಅದರಲ್ಲೂ ಬಡವನೊಬ್ಬನ ಮೇಲೆಯೇ ಹೇರಿದಾಗ, ಅದು ಬೇರೆಯೇ ಆಗುತ್ತದೆ. ಜನರ ಪ್ರತಿಕ್ರಿಯೆಗೆ ನಗೆಯ ಮುಖವೂ ಇತ್ತು. ಡೆಡಮ್ ಎಂಬಲ್ಲಿ ಸೈನಿಕ ಕವಾಯತಿನ ದಿನ ಒಬ್ಬನು ಹಂದಿಗೆ ಬಣ್ಣದ ಪಟ್ಟೆ ಬಳಿದು, ಡೇರೆಯೊಳಗಿಟ್ಟು, ನೋಡಲು ಕೆಲವು ಸೆಂಟುಗಳ ಶುಲ್ಕ ವಿಧಿಸಿದನು. ಒಳಹೋದವರಿಗೆ ರಮ್ ಉಚಿತ! ‘ಪಟ್ಟೆಹಂದಿ’ ಆ ಕಾನೂನಿನ ಅಪಹಾಸ್ಯಕ್ಕೆ ಹೆಸರೇ ಆಗಿಬಿಟ್ಟಿತು.

ಎಣಿಕೆಯ ಪತ್ರಗಳು ಊರೂರುಗಳಿಂದ ಬಂದಾಗ ಎವರೆಟ್‌ನ ಮುಂದೆ ದಾರಿಯೊಂದು ತೆರೆದಿತ್ತು. ಒಂದೆರಡು ಮತಗಳನ್ನು ಹೇಗಾದರೂ ಅಸಿಂಧುಗೊಳಿಸಿ ಮಾರ್ಟನ್‌ನ ಬಹುಮತವನ್ನು ಅಳಿಸಿದರೆ, ಆಯ್ಕೆ ವಿಗ್ ಪ್ರಾಬಲ್ಯದ ಶಾಸನಸಭೆಗೆ ಹೋಗುತ್ತಿತ್ತು; ಅಲ್ಲಿ ಗೆಲುವು ಬಹುತೇಕ ಖಚಿತ. ಪಕ್ಷದವರು ಒತ್ತಾಯಿಸಿದರೂ ಅವನು ಫಲಿತಾಂಶವನ್ನು ಪ್ರಶ್ನಿಸಲಿಲ್ಲ. ಮದ್ಯದ ಕಾನೂನಿಗೆ ಅಂಕಿತ ಹಾಕಿದ ಎವರೆಟ್‌ಗಿಂತ ಈ ಎವರೆಟ್ ದೊಡ್ಡವನು.

1840ರ ಜನವರಿಯಲ್ಲಿ ಮಾರ್ಟನ್ ಅಧಿಕಾರ ಸ್ವೀಕರಿಸಿದನು. ಹದಿನೈದು ಗ್ಯಾಲನ್ ಕಾನೂನು ಅದೇ ವರ್ಷ ರದ್ದಾಯಿತು. ಶಿಕ್ಷಣ ಮಂಡಳಿಯನ್ನೂ ತೊಡೆದುಹಾಕುವ ಪ್ರಯತ್ನ ಕೆಳಮನೆಯಲ್ಲಿ ನಡೆದು ಸೋತಿತು. ವರ್ಷಾಂತ್ಯದ ಚುನಾವಣೆಯಲ್ಲಿ ಮಾರ್ಟನ್ ವಿಗ್ ಪಕ್ಷದ ಜಾನ್ ಡೇವಿಸ್‌ಗೆ ಸೋತನು. ಅಷ್ಟರಲ್ಲಿ ಎವರೆಟ್ ಯುರೋಪಿನಲ್ಲಿದ್ದ, ಮರುವರ್ಷ ಇಂಗ್ಲೆಂಡಿಗೆ ರಾಯಭಾರಿಯಾದ. ಮಾರ್ಟನ್ ಇನ್ನೊಮ್ಮೆ ಗವರ್ನರನಾದದ್ದು 1843ರ ಜನವರಿಯಲ್ಲಿ. ಆ ಸಲ ಅವನಿಗೆ ಅರ್ಧಕ್ಕಿಂತ ಹೆಚ್ಚು ಮತ ಬಂದಿರಲಿಲ್ಲ. ಅವನನ್ನು ಆರಿಸಿದ್ದು ಶಾಸನಸಭೆ. ಅರ್ಧಕ್ಕಿಂತ ಹೆಚ್ಚು ಮತ ಬೇಕೆಂಬ ಆ ನಿಯಮವನ್ನು 1855ರ ತಿದ್ದುಪಡಿ ತೆಗೆದುಹಾಕಿತು.